ಕುಂಬಳಕಾಯಿ ಒಡೆಯುವ ದಿನ

ಅನಾಥ ಹುಡುಗನಿಗೆ ಅಮ್ಮ ಸಿಗುವ ಸಿನಿಮಾ ಅದು. ಆ ಹುಡುಗನ ಪಾತ್ರಕ್ಕೆಂದು ಅನಾಥಾಶ್ರಮದಿಂದಲೇ ಕರೆತಂದಿದ್ದ ಮಾದೇಶ, ಕ್ಯಾಮೆರಾ ನಿಂತ ಮೇಲೂ ಅಮ್ಮನ ಪಾತ್ರದ ನಟಿಯನ್ನು "ಅಮ್ಮಾ" ಅಂತಲೇ ಕರೆಯುತ್ತಿದ್ದ. ಲೈಟ್‌ಬಾಯ್ ಬೆಳಿಗ್ಗೆ ಅವನಿಗೆ ಹೇಳಿದ್ದ: "ಇವತ್ತು ಕುಂಬಳಕಾಯಿ ಒಡೆದರೆ ಶೂಟಿಂಗ್ ಮುಗೀತು ಕಣೋ. ಎಲ್ಲರೂ ಅವರವರ ಮನೆಗೆ."

ಕೊನೆಯ ಶಾಟ್ ಮುಗಿಯಿತು. ನೋಡಿದರೆ ಕುಂಬಳಕಾಯಿಯೇ ನಾಪತ್ತೆ! ಮ್ಯಾನೇಜರ್ ಸೆಟ್ಟೆಲ್ಲ ತಡಕಾಡಿ, ಕಡೆಗೆ ಮಾದೇಶನ ಕಂಬಳಿಯೊಳಗಿಂದ ಎಳೆದು ತಂದ.

ಮಾದೇಶ ನಟಿಯ ಸೆರಗಿನ ಹಿಂದೆ ಅಡಗಿದ. ಯಾರೂ ಬೈಯಲಿಲ್ಲ.

"ಕಳ್ಳ! ಒಡೆಯೋ ಆಸೆ ಇದ್ರೆ ಕೇಳಬಾರದಿತ್ತೇನೋ?" ನಿರ್ದೇಶಕರು ನಗುತ್ತಾ ಅದನ್ನು ಅವನ ಕೈಗೇ ಕೊಟ್ಟರು.

ಅವನು ನಟಿಯ ಮುಖ ನೋಡಿದ. ಅವಳು ಅವನ ಕೆನ್ನೆ ಸವರಿದಳು.

"ಬೇಗ ಒಡೆಯೋ ಚಿನ್ನಾ, ಮನೇಲಿ ನನ್ನ ಮಗ ಕಾಯ್ತಿದಾನೆ."