ಪೈಲವಾನರ ಊಟ

ಅಪ್ಪ ಪರಸಪ್ಪ ಜಮಖಂಡಿಯಿಂದ ತಂದ ಮಸಾಲೆ ಹಚ್ಚಿದ ಕೋಳಿಯ ಪಾಕೀಟನ್ನು ಕಾವೇರಿ ಒಲೆಯ ಕಡೆ ಒಯ್ಯಲಿಲ್ಲ. ಬೆಳಕಿಗೆ ಹಿಡಿದು ಹಿಂಬದಿಯ ಸಣ್ಣ ಅಕ್ಷರ ಓದಿದಳು. "ಪ್ರೊಟೀನ್ ಛಲೋ ಐತಿ ಅಪ್ಪಾ, ಆದ್ರ ಉಪ್ಪು ಭಾಳ ಐತಿ. ಉಪ್ಪು ಮೈಯಾಗ ನೀರು ಹಿಡಿತೈತಿ. ನಾಳಿ ಮುಧೋಳದಾಗ ತೂಕ ಏರಿದ್ರ ನನಗ ಕುಸ್ತಿ ಆಡಾಕ ಬಿಡಂಗಿಲ್ಲ."

ಪರಸಪ್ಪನಿಗೆ ಸಿಟ್ಟೇ ಬಂತು. ತನ್ನ ಕಾಲದಲ್ಲಿ ಕುಸ್ತಿಯ ಹಿಂದಿನ ದಿನ ಇಡೀ ಕೋಳಿ ತಿಂದು ಅಖಾಡಕ್ಕೆ ಇಳಿದವನು ಅವನು. ಗಲಗಲಿಯಲ್ಲಿ ಇಂದಿಗೂ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಪೈಲವಾನರು ಅಂತಲೇ ಅನ್ನುತ್ತಾರೆ. ಪಾಕೀಟು ಹರಿದು, ಕೆಂಪು ತುಂಡುಗಳನ್ನು ನಲ್ಲಿಯ ಕೆಳಗೆ ಹಿಡಿದು ಮಸಾಲೆ ತೊಳೆಯತೊಡಗಿದ.

"ತೊಳದ್ರ ಹೋಗಂಗಿಲ್ಲಪಾ, ಉಪ್ಪು ಮಾಂಸದೊಳಗ ಇಳದಿರ್ತೈತಿ." ಅವಳ ದನಿ ಮೆತ್ತಗಿತ್ತು, ಪಟ್ಟು ಮಾತ್ರ ಸಡಿಲಾಗಿರಲಿಲ್ಲ. ಮಸಾಲೆಯ ವಾಸನೆಗೆ ಅವಳೂ ಬಾಯಲ್ಲಿ ಊರಿದ ನೀರು ನುಂಗಿದ್ದು ಪರಸಪ್ಪನಿಗೆ ಕಂಡಿತು. ಎಷ್ಟೋ ಮಂದಿಯನ್ನು ಚಿತ್ ಮಾಡಿದ್ದ ಅವನು ತನ್ನ ನಾಲಿಗೆಯನ್ನು ಒಮ್ಮೆಯೂ ಚಿತ್ ಮಾಡಿರಲಿಲ್ಲ. ಕೈ ಒರೆಸಿಕೊಂಡು ತಾನೇ ಮೊಟ್ಟೆ ಕುದಿಸಿದ. ಸಿಪ್ಪೆ ಸುಲಿದು, ಉಪ್ಪಿನ ಡಬ್ಬಿ ಮುಟ್ಟದೆ, ಮಗಳ ತಾಟಿಗೆ ಇಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಶಿದ್ರಾಮಪ್ಪ ಬಾಗಿಲ ಹೊರಗಿನಿಂದ ಕೂಗಿದ: "ಪೈಲವಾನ್ರು ಮನ್ಯಾಗ ಅದಾರೇನ್ರಿ?"

ಪರಸಪ್ಪ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಅದಾರ್ರಿ, ಉಣ್ಣಾಕ ಕುಂತಾರ," ಎಂದ. "ನಾ ಅವರ ಅಪ್ಪ. ಏನ್ ಹೇಳ್ರಿ?"