ಕೈ ಬಿಗಿ

ಮೂಲೆಮನೆಯಾಕೆ ಹೆಣೆದು ಮುಗಿಸಿದ ಉಲ್ಲನ್ ಟೋಪಿಯನ್ನು ಟೀಚರಮ್ಮ ತಿರುಗಿಸಿ ನೋಡಿದಳು, ಒಳಗಿನದನ್ನು ಹೊರಗೆ ಮಾಡಿ ನೋಡಿದಳು, ಕೊನೆಗೆ ಎರಡೂ ಕೈಯಲ್ಲಿ ಹಿಡಿದು ಎಳೆದಳು. ಅದು ಜಗ್ಗಲಿಲ್ಲ. ಅದೇ ನೂಲು, ಅದೇ ಕಡ್ಡಿ, ಅದೇ ಲೆಕ್ಕದ ಕುಣಿಕೆಗಳು. ಪಕ್ಕದಲ್ಲಿ ಕೂತಿದ್ದ ನರ್ಸ್ ಹೆಣೆದ ಟೋಪಿ ಎರಡು ವರ್ಷದ ಮಗುವಿಗೆ ಸರಿಹೋಗುವಂತಿತ್ತು. ಇದು ಕಿತ್ತಳೆ ಹಣ್ಣಿಗೆ ಸರಿಹೋಗುವಂತಿತ್ತು.

“ತಪ್ಪು ತಿಳ್ಕೋಬೇಡಿ, ನಿಮ್ಮ ಕೈ ತುಂಬಾ ಬಿಗಿ,” ಎಂದಳು ಟೀಚರಮ್ಮ.

ನರ್ಸ್ ಕೂಡಲೇ ಬಗ್ಗಿ, ಎಲ್ಲೂ ಬೀಳದಿದ್ದ ನೂಲಿನುಂಡೆಯನ್ನು ಕುರ್ಚಿಯ ಕೆಳಗೆ ಹುಡುಕತೊಡಗಿದಳು. ಏಣಿ ಕೇಳಲು ಹೋದವರಿಗೆ ಏಣಿ ಮಾರುವ ಅಂಗಡಿಯ ದಾರಿ ಹೇಳಿ ಕಳಿಸುವ ಹೆಂಗಸು ಈ ಮೂಲೆಮನೆಯಾಕೆ. ಅವಳ ಕೈ ಬಿಗಿ ಎಂಬುದು ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಆದರೆ ಮುಖಕ್ಕೆ ಹೊಡೆದ ಹಾಗೆ ಹೇಳುವ ಧೈರ್ಯ ಇದುವರೆಗೆ ಯಾರೂ ಮಾಡಿರಲಿಲ್ಲ. ಟೀಚರಮ್ಮ ಬೀದಿಗೆ ಹೊಸಬಳು. ಅವಳು ಹೇಳಿದ್ದು ಹೆಣಿಗೆಯ ವಿಷಯ.

“ಯಾರು ಹೇಳಿದ್ದು ನಿಮಗೆ?” ಎಂದಳು ಮೂಲೆಮನೆಯಾಕೆ ತಣ್ಣಗೆ.

“ಯಾರಾದ್ರೂ ಹೇಳ್ಬೇಕಾ? ನೋಡಿದ್ರೇ ಗೊತ್ತಾಗುತ್ತೆ. ಮೊದಲನೇ ದಿನವೇ ಅಂದ್ಕೊಂಡೆ. ಬೇಜಾರು ಮಾಡ್ಕೋತೀರೇನೋ ಅಂತ ಸುಮ್ಮನಿದ್ದೆ.”

“ಓಹೋ.”

“ಇದೇನು ಹುಟ್ಟುಗುಣ ಅಲ್ಲ ಬಿಡಿ, ಮನಸ್ಸು ಮಾಡಿದ್ರೆ ಹೋಗುತ್ತೆ. ಸ್ವಲ್ಪ ಸಡಿಲ ಬಿಡೋದನ್ನ ಕಲೀಬೇಕು. ಇಷ್ಟು ಬಿಗಿ ಹಿಡಿದು ಏನು ಬಂತು ಹೇಳಿ? ಇಷ್ಟೇ ಇಷ್ಟು!” ಎಂದು ಟೀಚರಮ್ಮ ಟೋಪಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಅಡುಗೆಮನೆಯ ಬಾಗಿಲಲ್ಲಿ ಟೀಚರಮ್ಮನ ಗಂಡ ಪ್ರತ್ಯಕ್ಷನಾಗಿ ಎರಡೂ ಕೈ ಆಡಿಸತೊಡಗಿದ. ‘ಹೆಣಿಗೆ ತರಗತಿ, ಮೊದಲ ತಿಂಗಳು ಉಚಿತ’ ಎಂಬ ಬೋರ್ಡನ್ನು ಗೋಡೆಯ ಮೇಲೆ ತೂಗುಹಾಕಲು ಮೂಲೆಮನೆಗೆ ಏಣಿ ಕೇಳಿಕೊಂಡು ಹೋಗಿದ್ದವನು ಇವನೇ. ಬರಿಗೈಯಲ್ಲಿ ವಾಪಸಾಗಿ, ಬೋರ್ಡನ್ನು ಗೇಟಿಗೇ ಕಟ್ಟಿ, ಹೆಂಡತಿಯೆದುರು ಗೇಟಿನಲ್ಲಿದ್ದರೇ ಲಕ್ಷಣ ಎಂದಿದ್ದ. ಅಂದೇ ನಿಜ ಹೇಳಿದ್ದರೆ ಇವತ್ತು ಕೈ ಆಡಿಸುವ ಪಾಡು ಬರುತ್ತಿರಲಿಲ್ಲ.

“ಟೀ ಈಗಲೇ ಬೇಡಾರೀ,” ಎಂದಳು ಟೀಚರಮ್ಮ.

ಅವತ್ತು ಉಚಿತ ತಿಂಗಳ ಕೊನೆಯ ಭಾನುವಾರ. ಮೊದಲ ವಾರ ಕುರ್ಚಿ ಸಾಲದೆ ಇಬ್ಬರು ಮಂಚದ ಮೇಲೆ ಕೂತಿದ್ದರು. ಈಗ ಉಳಿದವರು ಇವರಿಬ್ಬರೇ. ಮುಂದಿನ ವಾರದಿಂದ ಫೀಸು. ಇದನ್ನು ನಂಬಿಕೊಂಡು ಟೀಚರಮ್ಮ ಬಟ್ಟೆ ಅಂಗಡಿಯ ಕೆಲಸ ಬಿಟ್ಟಿದ್ದಳು. ಇಬ್ಬರು ಇದ್ದರೆ ತರಗತಿ ಅನ್ನಬಹುದು, ಒಬ್ಬಳೇ ಆದರೆ ಅದು ಹರಟೆ. ಹಾಗಾಗಿ ಮೂಲೆಮನೆಯಾಕೆ ಕಡ್ಡಿಯನ್ನು ಟೇಬಲ್ಲಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಎದ್ದು ನಿಂತಾಗ ಟೀಚರಮ್ಮ ಟೋಪಿ ಹಿಡಿದುಕೊಂಡೇ ತಾನೂ ಎದ್ದಳು.

“ನಮ್ಮನೆಯವರು ತೀರಿಕೊಂಡಾಗ ಮೂರು ಮಕ್ಕಳೂ ಚಿಕ್ಕವು,” ಎಂದಳು ಮೂಲೆಮನೆಯಾಕೆ. ದನಿಯೇನೂ ಏರಿರಲಿಲ್ಲ. “ಈ ಕೈ ಸಡಿಲ ಬಿಟ್ಟಿದ್ರೆ ಮೂರೂ ಬೀದಿಪಾಲಾಗ್ತಿದ್ವು. ಇಷ್ಟೇ ಇಷ್ಟು ಅಂತೀರಲ್ಲ, ಆ ಇಷ್ಟೇ ಇಷ್ಟರಲ್ಲೇ ಅವನ್ನ ಸಾಕಿದ್ದು.”

“ಅಯ್ಯೋ! ನಾನು ದಾರದ ಮಾತು ಹೇಳಿದ್ದು ಕಣ್ರೀ!”

“ದಾರದ ಮಾತಾ?”

“ದಾರದ್ದೇ. ನೀವು ದಾರ ಎಳೆದು ಎಳೆದು ಹೆಣೀತೀರ, ಅದಕ್ಕೇ ಟೋಪಿ ಚಿಕ್ಕದಾಗಿದೆ.”

ಮೂಲೆಮನೆಯಾಕೆ ಎದ್ದವಳು ಎದ್ದೇ ಇದ್ದಳು. ಹೋಗಲು ಕಾರಣ ಉಳಿದಿರಲಿಲ್ಲ, ಕೂರಲು ಮುಖ ಉಳಿದಿರಲಿಲ್ಲ. ಟೀಚರಮ್ಮನಿಗೋ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಹೆಂಗಸು ಯಾರೆದುರೂ ಆಡದ ಮಾತನ್ನು ಒಂದು ಟೋಪಿಗಾಗಿ ಆಡಿಸಿಬಿಟ್ಟೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು. “ಬಿಚ್ಚಿ ಮತ್ತೆ ಹೆಣೆಯೋಣ,” ಎಂದು ನೂಲಿನ ತುದಿ ಹುಡುಕಿದಳು.

“ಬಿಚ್ಚಬೇಡಿ,” ಎಂದಳು ನರ್ಸ್. ಕುರ್ಚಿಯ ಕೆಳಗಿನಿಂದ ಅವಳು ಈಗಷ್ಟೇ ಮೇಲೆ ಬಂದಿದ್ದಳು. ಟೋಪಿ ತೆಗೆದುಕೊಂಡು ತನ್ನ ಮುಷ್ಟಿಗೆ ತೊಡಿಸಿ, ಕೈ ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಅದು ಜಾರಲಿಲ್ಲ. “ನಮ್ಮ ವಾರ್ಡಲ್ಲಿ ದಿನ ತುಂಬದೆ ಹುಟ್ಟಿರೋ ಕೂಸೊಂದಿದೆ. ಯಾವ ಟೋಪಿ ಹಾಕಿದ್ರೂ ಕಣ್ಣ ಮೇಲೆ ಬಂದುಬಿಡುತ್ತೆ. ಇಂಥದ್ದು ಎಲ್ಲೂ ಸಿಗ್ತಿಲ್ಲ. ಇದನ್ನ ಕೊಡ್ತೀರಾ ಅಕ್ಕಾ?”

ಗಂಡ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡ. ಕೊಡ್ತೀರಾ ಎಂಬ ಮಾತಿಗೆ ಆಕೆ ಕೊಡುವ ಉತ್ತರ ಅವನಿಗೆ ಗೊತ್ತಿತ್ತು.

ಮೂಲೆಮನೆಯಾಕೆ ಆ ಮುಷ್ಟಿಯನ್ನೇ ಸ್ವಲ್ಪ ಹೊತ್ತು ನೋಡಿದಳು. “ಇಷ್ಟೇನಾ ತಲೆ?”

“ಇಷ್ಟೇ.”

“ಕೊಡೋಕಾಗಲ್ಲ,” ಎಂದಳು ಮೂಲೆಮನೆಯಾಕೆ. “ಬೇಕಾದ್ರೆ ಸಾಲ ತಗೊಂಡು ಹೋಗಿ. ಆ ಕೂಸಿಗೆ ಅದು ಚಿಕ್ಕದಾದ ದಿನ ನನಗೆ ವಾಪಸ್ ಬರಬೇಕು. ಅಲ್ಲೀವರೆಗೂ ಪ್ರತಿ ಭಾನುವಾರ ಇಲ್ಲಿಗೇ ಬಂದು ಕೇಳ್ತೀನಿ.”