ಒಂದು ಗಂಟೆ ನಲವತ್ತೈದು ನಿಮಿಷ

ವಿಮಾನ ಕುಚಿಂಗಿನ ನೆಲ ಮುಟ್ಟಿದ್ದೇ ತಡ, ಎಲ್ಲರೂ ಫೋನ್ ಆನ್ ಮಾಡಿದರು. ಲೆಮಿಯಾ ಮಾತ್ರ ತನ್ನ ಫೋನನ್ನು ಎರಡೂ ಅಂಗೈಗಳ ನಡುವೆ ಅದುಮಿಕೊಂಡು ಕೂತಿದ್ದಳು. ಕ್ವಾಲಾಲಂಪುರದಲ್ಲಿ ವಿಮಾನ ಹತ್ತುವಾಗ ತಮ್ಮ ಜೆಲಿಯಾನ್ ಕುಚಿಂಗಿನ ಆಸ್ಪತ್ರೆಯಿಂದ ಫೋನ್ ಮಾಡಿ ಅಳುತ್ತಾ ಹೇಳಿದ್ದ: "ಅಮ್ಮಂಗೆ ಉಸಿರು ಸಿಕ್ತಿಲ್ಲ ಅಕ್ಕ, ಬೇಗ ಬಾ." ನಡುವೆ ಸಾವಿರ ಕಿಲೋಮೀಟರ್ ಹಾದಿ, ಒಂದು ಗಂಟೆ ನಲವತ್ತೈದು ನಿಮಿಷ. ಅಷ್ಟು ಹೊತ್ತೂ ಅವಳಿಗೆ ಯಾವ ಸುದ್ದಿಯೂ ತಲುಪಿರಲಿಲ್ಲ.

"ಫೋನ್ ಆನ್ ಮಾಡಲ್ವೇನೇ ಮಗಳೇ?" ಪಕ್ಕದ ಸೀಟಿನ ಚೀನೀ ಅಜ್ಜಿ ಕೇಳಿದಳು.

"ಧೈರ್ಯ ಬರ್ತಿಲ್ಲ ಅಜ್ಜಿ. ಇದು ಆಫ್ ಆಗಿರೋವರೆಗೂ ನಮ್ಮಮ್ಮ ಬದುಕಿದಾಳೆ."

"ಹುಚ್ಚಿ! ಅಮ್ಮ ನಿನ್ನನ್ನೇ ಕಾಯ್ತಿದ್ರೆ?" ಅಜ್ಜಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತಾನೇ ಗುಂಡಿ ಒತ್ತಿದಳು.

ಸ್ವಲ್ಪ ಹೊತ್ತಿಗೇ ಫೋನ್ ಬಡಿದುಕೊಂಡಿತು. ಲೆಮಿಯಾ ಅದನ್ನು ಕಿವಿಗಿಟ್ಟಳು.

"ಇಳಿದ್ಯಾ ಅಕ್ಕ?" ಜೆಲಿಯಾನನ ದನಿಯಲ್ಲಿ ಈಗ ಅಳುವಿರಲಿಲ್ಲ. "ಟ್ಯಾಕ್ಸಿಯವನಿಗೆ ಜೋರಾಗಿ ಓಡ್ಸು ಅನ್ಬೇಡ. ಇನ್ನೇನೂ ಅವಸರ ಇಲ್ಲ. ನಿಧಾನವಾಗಿ ಬಾ."

ಇಳಿಯಲೆಂದು ಚೀಲ ಹೆಗಲಿಗೇರಿಸಿದ್ದ ಅಜ್ಜಿ, ಲೆಮಿಯಾಳ ಮುಖ ನೋಡಿ ಚೀಲವನ್ನು ಕೆಳಗಿಟ್ಟಳು, ಮತ್ತೆ ಅವಳ ಪಕ್ಕದಲ್ಲೇ ಕೂತಳು.